ಭಂಗಾರವೋ, ಬಂಗಾರವೋ? ಕೊಟ್ಟಿಗೆಯ ಮೂಲೆಯ ಹಳೆಯ ಫಟಫಟಿ

ನಮ್ಮ ಗಡಿಭಾಗದ ಮಾತಿನಲ್ಲಿ ಒಂದು ಮೋಜು ಇದೆ. ಮುರುಕು ಸಾಮಾನಿಗೆ ಮರಾಠಿಯಲ್ಲಿ ‘ಭಂಗಾರ’ ಎನ್ನುವರು; ನಮ್ಮ ಕನ್ನಡದಲ್ಲಿ ಬಂಗಾರವೆಂದರೆ ಚಿನ್ನ. ಹಳೆಯ ಕಬ್ಬಿಣ ಕೊಳ್ಳುವವನು ಓಣಿಯಲ್ಲಿ “ಭಂಗಾರ, ಭಂಗಾರ!” ಎಂದು ಕೂಗುತ್ತ ಬಂದರೆ, ಈಗ ತಾನೆ ಒಂದನೆಯ ಇಯತ್ತೆಗೆ ಸೇರಿದ ನಮ್ಮ ಹುಡುಗರು ಚಿನ್ನ ಮಾರುವವನು ಬಂದನೆಂದು ಬಾಗಿಲಿಗೆ ಓಡಿಬರುತ್ತಾರೆ.

2023ರ ದೀಪಾವಳಿಯ ಮುಂದೆ ಅವನು ನಮ್ಮ ಕೊಟ್ಟಿಗೆಯ ಮುಂದೆ ಬಂದು ನಿಂತನು. ಒಳಗೆ ಕಣಿಕೆಯ ಸೂಡುಗಳ ಹಿಂದೆ, ಗೋಣಿತಾಟು ಹೊದಿಸಿಟ್ಟ ಅಪ್ಪನ ಯೆಜ್ಡಿ ಗಾಡಿ ನಿಂತಿದ್ದಿತು. ಅದರ ಮುಂದಿನ ಗಾಲಿಯಷ್ಟೇ ಹೊರಗೆ ಕಾಣುತ್ತಿದ್ದಿತು. ಅವನ ಕಣ್ಣಿಗೆ ಅಷ್ಟೇ ಸಾಕಾಯಿತು. “ಕಿಲೋದ ಲೆಕ್ಕಾ ಹಾಕಿ ಕೊಡತೀನ್ರಿ ಗುರುಜಿ,” ಎಂದನು. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಅಪ್ಪ, “ಕೊಟ್ಟಬಿಡೋ ತಮ್ಮಾ. ಕುರುಡನ ಕೈಯಾಗ ಕನ್ನಡಿ ಯಾಕ?” ಎಂದರು. ಅಪ್ಪನ ಕಣ್ಣಿನ ಬೆಳಕು ಐದಾರು ವರ್ಷಗಳಿಂದ ಕಡಿಮೆಯಾಗಿದೆ. ಹತ್ತಿರ ಬಂದವರನ್ನು ಸಹ ದನಿಯಿಂದಲೇ ಗುರುತಿಸುತ್ತಾರೆ. ಅವರು ಆ ಮಾತನ್ನು ನಗುತ್ತಲೇ ಹೇಳಿದರು. ಆದರೆ ನನಗೆ ನಗು ಬರಲಿಲ್ಲ. ನಾಳೆ ಬಾ ಎಂದು ಹೇಳಿ ಅವನನ್ನು ಕಳಿಸಿದೆನು.

ಈ ಗಾಡಿಯನ್ನು ಅಪ್ಪ ಕೊಂಡುದು 1984ರಲ್ಲಿ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಪಂಪಿನ ಮೋಟಾರು, ಅಕ್ಕಲಕೋಟದ ಸಂತೆಯ ಗಂಟು, ಎಲ್ಲವೂ ಇದರ ಬೆನ್ನ ಮೇಲೆಯೇ. ಆದರೆ ನಮ್ಮ ಮನೆಯಲ್ಲಿ ಇದರ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವದು 1993ರ ಸಪ್ಟಂಬರ 30ನೆಯ ತಾರೀಖಿನ ಬೆಳಗು. ಗಣಪತಿಯನ್ನು ಕಳಿಸಿ ಬಂದು ಊರೆಲ್ಲ ಮಲಗಿದ್ದಿತು. ಬೆಳಗಿನ ನಾಲ್ಕಕ್ಕೆ ಸ್ವಲ್ಪ ಮುಂಚೆ ನೆಲ ನಡುಗಿತು. ನಾನು ಆಗ ಹನ್ನೆರಡು ವರ್ಷದವನು. ನಮ್ಮೂರಲ್ಲಿ ಪಾತ್ರೆಗಳು ಉರುಳಿದವು, ದನಗಳು ಹಗ್ಗ ಜಗ್ಗಿದವು. ಕಿಲ್ಲಾರಿ, ಸಾಸ್ತೂರಗಳ ಕಡೆಗೆ ಊರುಗಳೇ ನೆಲಸಮವಾದವೆಂಬ ಸುದ್ದಿ ಹೊತ್ತು ಏರುವದರೊಳಗೆ ಬಂದಿತು. ನಮ್ಮ ಸೋದರತ್ತೆಯನ್ನು ಕೊಟ್ಟುದು ಉಮರ್ಗಾ ತಾಲೂಕಿನ ಒಂದು ಹಳ್ಳಿಗೆ. ಅಪ್ಪ ಒಂದು ಗಂಟು ರೊಟ್ಟಿ, ಒಂದು ಕ್ಯಾನು ನೀರು ಕಟ್ಟಿಕೊಂಡು ಇದೇ ಗಾಡಿಯ ಮೇಲೆ ನಳದುರ್ಗದ ಹಾದಿ ಹಿಡಿದರು. ಮರುದಿನ ಸಂಜೆ ಅತ್ತೆಯನ್ನು ಹಿಂದೆ ಕೂಡ್ರಿಸಿಕೊಂಡು, ಅವಳ ಕಾಲಿಗೆ ಎರಡು ಬಿದಿರ ದಬ್ಬೆ ಕಟ್ಟಿ, ಕುರನೂರಿಗೆ ಬಂದರು. ಅವಳ ಮನೆಯ ಕಲ್ಲು-ಮಣ್ಣಿನ ಗೋಡೆ ಕುಸಿದು ಕಾಲ ಮೇಲೆ ಬಿದ್ದಿದ್ದಿತು. ಓಣಿಯ ತಿರುವಿನಲ್ಲಿ ಆ ಎರಡು ಸೈಲೆನ್ಸರುಗಳ ‘ಡಬ್ ಡಬ್ ಡಬ್’ ಸಪ್ಪಳ ಕೇಳಿ ನಮ್ಮ ಅವ್ವ ಅತ್ತುದು ನನಗೆ ಇನ್ನೂ ನೆನಪಿದೆ.

ಇಂಥ ಗಾಡಿಯನ್ನು ತೂಕಕ್ಕೆ ಹಾಕುವದೆಂದರೆ ಹೇಗೆ? ಮರುದಿನ ಭಂಗಾರದವನು ಬಂದಾಗ, ಹಳೆಯ ಕುಂಟೆಯ ತಾಳು, ತೂತುಬಿದ್ದ ಕೊಡಪಾನ ಕೊಟ್ಟು ಕಳಿಸಿದೆನು.

ವಾಚಕರಲ್ಲಿ ತರುಣರಾದವರು ‘ಯೆಜ್ಡಿ’ ಎಂದರೆ ಈಗ ಅಂಗಡಿಯಲ್ಲಿ ಸಿಗುವ ಹೊಸ ಗಾಡಿಯೆಂದೇ ತಿಳಿದಾರು. ಆದುದರಿಂದ ಅದರ ಹುಟ್ಟಿನ ಕಥೆಯನ್ನು ಸ್ವಲ್ಪ ಹೇಳುವೆನು. ಮೂಲದಲ್ಲಿ ಇದು ಚೆಕೊಸ್ಲೊವಾಕಿಯಾ ದೇಶದ ಗಾಡಿ. ಅಲ್ಲಿಯ ಯಾನೆಚೆಕ್ ಎಂಬ ಕಾರಖಾನೆದಾರನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ ಸೈಕಲ್ಲಿನ ಕೆಲಸವನ್ನು ಕೊಂಡು, ತನ್ನ ಹೆಸರಿನ ಮೊದಲು ಹಾಗೂ ಆ ಕಂಪನಿಯ ಹೆಸರಿನ ಮೊದಲು ಕೂಡಿಸಿ ಹೆಸರು ಕಟ್ಟಿದನು. ಅವರ ಬಾಯಲ್ಲಿ ಅದು ‘ಯಾವಾ’. ನಮ್ಮ ಬಾಯಲ್ಲಿ ‘ಜಾವಾ’ ಆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿಯು 1961ರಲ್ಲಿ ಈ ಗಾಡಿಗಳನ್ನು ಕಟ್ಟಲಾರಂಭಿಸಿತು. ಕಾರಖಾನೆಯನ್ನು ತೆರೆದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರಖಾನೆಯು ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಿಂದಲೂ 2022ರಲ್ಲಿ ಯೆಜ್ಡಿ ಹೆಸರಿನಿಂದಲೂ ಬೇರೊಂದು ಕಂಪನಿಯು ಹೊಸ ಗಾಡಿಗಳನ್ನು ಹೊರತಂದಿದೆ. ಅವು ಮಧ್ಯಪ್ರದೇಶದಲ್ಲಿ ತಯಾರಾಗುವವು. ಹೆಸರೊಂದೇ ಹೊರತು ಒಳಗಿನ ಯಂತ್ರ ಬೇರೆ. ನಮ್ಮ ಅಪ್ಪನಿಗೆ ಮಾತ್ರ ಒಂದು ಹೆಮ್ಮೆ. ಸೋಲಾಪುರದಲ್ಲಿ ಯಾರಾದರೂ ಗಾಡಿ ಯಾವ ಕಡೆಯದೆಂದು ಕೇಳಿದರೆ, “ನಮ್ಮ ಮೈಸೂರಿಂದು,” ಎನ್ನುತ್ತಿದ್ದರು. ಮೈಸೂರನ್ನು ಅವರು ಒಮ್ಮೆಯೂ ನೋಡಿಲ್ಲ.

ಇನ್ನು ದುರಸ್ತಿಯ ಮಾತು. ಅಪ್ಪ ಇದನ್ನು ಹೊಡೆಯುವದನ್ನು ಬಿಟ್ಟು ಹದಿನೈದು ವರ್ಷಗಳ ಮೇಲಾಗಿದ್ದಿತು. ಕಿಕ್ ಹೊಡೆಯಲು ಹೋದೆನು. ಅದು ಕಲ್ಲಿನಂತೆ ಕೂತಿದ್ದಿತು. ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿದ್ದಿತು. ನಾನು ಮೈಭಾರವನ್ನೆಲ್ಲ ಹಾಕಿ ಕಿಕ್ಕಿನ ಮೇಲೆ ನಿಲ್ಲಬೇಕೆನ್ನುವಾಗ ಕಟ್ಟೆಯಿಂದ ಅಪ್ಪ ಕೂಗಿದರು: “ಅದರ ಮ್ಯಾಲ ನಿಲ್ಲಬ್ಯಾಡ. ಮುರದೀತು. ಎತ್ತು ಏಳಲಿಲ್ಲಂದ್ರ ಬಾಲಾ ಹಿಡದು ಜಗ್ಗತಾರೇನು?” ಪ್ಲಗ್ಗು ಬಿಚ್ಚಿ, ಅದರ ತೂತಿನಿಂದ ಒಂದು ಬಟ್ಟಲು ಡೀಸೆಲ್ ಸುರಿದು ಎಂಟು ದಿನ ಬಿಡಲು ಹೇಳಿದರು. ಎಂಟನೆಯ ದಿನ ಗಾಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಹಿಡಿದು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆಲ್ಲಗೆ ತೂಗಿದೆವು. ಒಂದು ಕೂದಲೆಳೆಯಷ್ಟು ಅಲುಗಿತು. ಮತ್ತೆ ಡೀಸೆಲ್, ಮತ್ತೆ ನಾಲ್ಕು ದಿನ. ಹೀಗೆ ಬಿಟ್ಟಿತು. ಹಳೆಯ ಗಾಡಿ ಇರುವವರು ಈ ಮಾತನ್ನು ನೆನಪಿಡಬೇಕು. ಅವಸರದಿಂದ ಸುತ್ತಿಗೆ ಹಿಡಿದವನ ಕೈಗೆ ಕೊನೆಗೆ ಸಿಗುವದು ಭಂಗಾರವೇ.

ಬಳಿಕ ಅಕ್ಕಲಕೋಟದ ಒಬ್ಬ ಮುದಿ ಮಿಸ್ತ್ರಿಯನ್ನು ಹಿಡಿದೆನು. ಅವನು ಇಂಜಿನ್ನು ಬಿಚ್ಚಿ ಸಿಲಿಂಡರನ್ನು ಸೋಲಾಪುರದ ಲೇಥಿಗೆ ಕಳಿಸಿ ಕೊರೆಸಿದನು. ಮೂಲದ ಸಿಲಿಂಡರಿನ ಅಗಲ 65 ಮಿ.ಮೀ. ಸವೆದಂತೆ ಕಾಲು ಮಿಲಿಮೀಟರು, ಅರ್ಧ ಮಿಲಿಮೀಟರು ದೊಡ್ಡದಾದ ಪಿಸ್ಟನ್ನು ಹಾಕುತ್ತ ಹೋಗಬೇಕು. ಕ್ರ್ಯಾಂಕಿನ ಎರಡೂ ಬದಿಯ ರಬ್ಬರಿನ ಸೀಲುಗಳನ್ನು ಬದಲಿಸಿದನು. ಇವು ಕೆಟ್ಟರೆ ಒಂದು ಕಡೆಯಿಂದ ಗೇರಿನ ಎಣ್ಣೆಯನ್ನು ಇಂಜಿನ್ನು ಕುಡಿದು ಬಿಳಿ ಹೊಗೆ ಉಗುಳುವದು. ಇನ್ನೊಂದು ಕಡೆಯಿಂದ ಗಾಳಿ ಸೇರಿ ಇಂಜಿನ್ನು ಕಾಯುವದು. ಟ್ಯಾಂಕಿಯ ತುಕ್ಕು ತೆಗೆಯುವ ಕೆಲಸ ನಮ್ಮ ಮನೆಯಲ್ಲೇ ಆಯಿತು: ಹುಣಸೆಹುಳಿಯ ಗಟ್ಟಿ ನೀರು ಮತ್ತು ಎರಡು ಹಿಡಿ ಸಣ್ಣ ಹರಳು ಹಾಕಿ ನನ್ನ ಮಗ ಹಾಗೂ ಅವನ ಗೆಳೆಯರು ಮೂರು ಸಂಜೆ ಕುಲುಕಿದರು. ಸೈಲೆನ್ಸರುಗಳ ಒಳಗಿನ ಕೊಳವೆಗಳು ಮಸಿಯಿಂದ ಕಟ್ಟಿಹೋಗಿದ್ದವು. ಅವನ್ನು ಕುಳ್ಳಿನ ಬೆಂಕಿಯಲ್ಲಿಟ್ಟು ಸುಟ್ಟು, ಆರಿದ ಮೇಲೆ ಬಡಿದರೆ ಮಸಿಯೆಲ್ಲ ಹಕ್ಕಳೆಯಂತೆ ಉದುರಿತು. ಎರಡು ಸ್ಟ್ರೋಕಿನ ಗಾಡಿಯು ಸೊರಗಿದರೆ ಇಂಜಿನ್ನಿಗೆ ಕೈ ಹಚ್ಚುವ ಮೊದಲು ಸೈಲೆನ್ಸರನ್ನು ನೋಡಬೇಕು. ಮೂಗು ಕಟ್ಟಿದ ಎತ್ತು ಎಷ್ಟು ಗಳೇ ಹೊಡೆದೀತು?

ಇದರ ಯಂತ್ರ ಅಷ್ಟು ಸರಳ. ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ, ತಿಳಿದುದರಿಂದ ತಿಳಿಯದುದರ ಕಡೆಗೆ ಹುಡುಗನನ್ನು ನಡೆಸಬೇಕೆಂಬುದು. ಏಳನೆಯ ಇಯತ್ತೆಯ ಹುಡುಗರನ್ನು ಒಂದು ಶನಿವಾರ ಕೊಟ್ಟಿಗೆಗೆ ಕರೆತಂದು, ಸೈಕಲ್ಲಿನ ಪಂಪನ್ನು ಕೈಯಲ್ಲಿ ಕೊಟ್ಟು ತಿಳಿಸಿದೆನು. ಪಿಸ್ಟನ್ನು ಮೇಲಕ್ಕೇರುವಾಗ ಮೇಲಿನ ಗಾಳಿ-ಪೆಟ್ರೋಲನ್ನು ಒತ್ತುವದು, ಅದೇ ಹೊತ್ತಿಗೆ ಕೆಳಗಿನ ಕೋಣೆಗೆ ಹೊಸದನ್ನು ಎಳೆದುಕೊಳ್ಳುವದು. ಕಿಡಿ ಹತ್ತಿ ಕೆಳಗಿಳಿಯುವಾಗ ಸುಟ್ಟುದನ್ನು ಹೊರಗೆ ಬಿಟ್ಟು, ಕೆಳಗಿನ ಕೋಣೆಯದನ್ನು ಮೇಲಕ್ಕೆ ತಳ್ಳುವದು. ಒಂದು ಸುತ್ತಿಗೆ ಒಂದು ಹೊಡೆತ. ವಾಲ್ವುಗಳಿಲ್ಲ, ಅವುಗಳ ಸರಪಣಿಯಿಲ್ಲ. ಕ್ರ್ಯಾಂಕಿಗೆ ಬೇಕಾದ ಎಣ್ಣೆಯು ಪೆಟ್ರೋಲಿನಲ್ಲಿಯೇ ಬೆರೆತು ಹೋಗುವದು: ಒಂದು ಲೀಟರಿಗೆ 40 ಮಿ.ಲೀ. ಅಪ್ಪನ ಲೆಕ್ಕ. ಎಣ್ಣೆ ಮರೆತರೆ ಮಾತ್ರ ಕೆಲವೇ ಮೈಲಿನೊಳಗೆ ಪಿಸ್ಟನ್ನು ಹಿಡಿದುಬಿಡುವದು. ಕಿಕ್ಕಿನ ಕಾಲೇ ಮುಂದಕ್ಕೆ ಮಡಿಚಿದರೆ ಗೇರಿನ ಕಾಲಾಗುವದನ್ನು ಕಂಡು ಹುಡುಗರು ಬೆರಗಾದರು. ಕೈಯ ಕ್ಲಚ್ಚು ಹಿಡಿಯದೆಯೂ ಗೇರು ಬದಲಿಸಬಹುದೆಂದಾಗ ಒಬ್ಬ ಹುಡುಗಿಯು, “ಹಂಗಾದ್ರ ಕ್ಲಚ್ಚ ಯಾಕ ಇಟ್ಟಾರ್ರೀ ಸರ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಿಂತ ಗಾಡಿಯನ್ನು ಮೆಲ್ಲಗೆ ಹೊರಡಿಸುವದಕ್ಕೆ ಎಂದು ಉತ್ತರ ಕೊಡಬೇಕಾದರೆ ನಾನು ಅಪ್ಪನ ಕಡೆಗೆ ನೋಡಬೇಕಾಯಿತು.

ನಿಜವಾದ ಸುಖವಿರುವದು ಹದ ಹಾಕುವದರಲ್ಲಿ. ಗಾಡಿಯ ಬಲಗಡೆಯ ಮುಚ್ಚಳ ತೆಗೆದರೆ ಪಾಯಿಂಟುಗಳು ಕಾಣುವವು. ಅವು ಪೂರ್ತಿ ತೆರೆದಾಗ ನಡುವೆ 0.4 ಮಿ.ಮೀ. ಸಂದು ಇರಬೇಕು. ಅಳೆಯುವ ಗೇಜು ಇಲ್ಲದಿದ್ದರೆ ಗಡ್ಡದ ನಾಲ್ಕು ಬ್ಲೇಡು ಜೋಡಿಸಿ ಹಿಡಿಯಿರಿ. ಒಂದೊಂದು ಹತ್ತನೆಯ ಒಂದು ಮಿಲಿಮೀಟರಿನಷ್ಟು ದಪ್ಪ ಇರುವದು. ಪಾಯಿಂಟು ಯಾವ ಕ್ಷಣಕ್ಕೆ ತೆರೆಯುವದೆಂಬುದನ್ನು ಮಿಸ್ತ್ರಿಯು ಸಿಗರೇಟಿನ ಪಾಕೀಟಿನೊಳಗಿನ ತೆಳು ಕಾಗದ ಸಿಕ್ಕಿಸಿ ನೋಡಿದನು. ಕಾಗದ ಸಡಿಲಾಗಿ ಜಾರಿದುದೇ ಕಿಡಿಯ ಮುಹೂರ್ತ. ಇನ್ನು ಕಾರ್ಬ್ಯುರೇಟರಿನ ಹದಕ್ಕೆ ಪ್ಲಗ್ಗೇ ಸಾಕ್ಷಿ. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಆರಿದ ಮೇಲೆ ಬಿಚ್ಚಿ ನೋಡಬೇಕು. ತುದಿಯು ಬೆಲ್ಲದ ಬಣ್ಣವಿದ್ದರೆ ಹದ ಸರಿ. ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಇದು ಅಪಾಯ, ಇಂಜಿನ್ನು ಸುಡುವದು.

ನಾನು ಹೀಗೆ ಬಣ್ಣ ನೋಡುತ್ತ ಕೂತರೆ ಅಪ್ಪನು ಕಟ್ಟೆಯ ಮೇಲಿನಿಂದ ಕಿವಿಯಿಂದಲೇ ತೀರ್ಪು ಕೊಡುತ್ತಿದ್ದರು. “ಇಲ್ಲ, ಇನ್ನೂ ತಡವರಸಾಕತ್ತದ. ಇಸ್ಕ್ರೂ ಅರ್ಧ ಸುತ್ತ ಹೊರಗ ತಗಿ.” ತೆಗೆದರೆ, ಎಡವುತ್ತಿದ್ದ ಸಪ್ಪಳವು ಜೋಡೆತ್ತಿನ ಹೆಜ್ಜೆಯಂತೆ ಕೂಡಿಕೊಳ್ಳುತ್ತಿದ್ದಿತು. ಆರು ತಿಂಗಳಿಂದ ಮೂಲೆ ಹಿಡಿದಿದ್ದ ಮನುಷ್ಯ ಹಗಲೆಲ್ಲ ಕಟ್ಟೆಯ ಮೇಲೆ ಕೂಡ್ರತೊಡಗಿದರು. ಊಟಕ್ಕೆ ಕರೆದರೂ, “ಅದರ ಟೈಮಿಂಗ ಮುಗಿಲಿ,” ಎನ್ನುವರು. ಹೊಸ ಗಾಡಿಗಳಲ್ಲಿ ಈ ಕೆಲಸವನ್ನೆಲ್ಲ ಒಂದು ಡಬ್ಬಿಯು ಮಾಡುವದು. ಅದು ಸುಖವೇ ಸರಿ. ದಿನದ ಶಾಲೆಗೆ ನಾನು ಹೋಗುವದೂ ಅಂಥದರ ಮೇಲೆಯೇ. ಆದರೆ ಆ ಡಬ್ಬಿ ಕೆಟ್ಟರೆ ಮುದಿ ಮಿಸ್ತ್ರಿಯೂ ಕೈ ಕಟ್ಟಿ ನಿಲ್ಲುತ್ತಾನೆ.

ಈಗ ನಮ್ಮ ತಪ್ಪೊಂದನ್ನು ಹೇಳಲೇಬೇಕು. 2024ರ ಬೇಸಿಗೆಯಲ್ಲಿ ಗಾಡಿ ಜೀವ ತಳೆಯಿತು. ಮಳೆಗಾಲಕ್ಕೆ ತೊಗರಿಯ ಬಿತ್ತಿಗೆ, ಎಡೆ ಹೊಡೆಯುವ ಕೆಲಸವೆಂದು ಟ್ಯಾಂಕಿಯಲ್ಲಿ ಅರ್ಧ ಪೆಟ್ರೋಲು ಇದ್ದಂತೆಯೇ ನಿಲ್ಲಿಸಿಬಿಟ್ಟೆನು. ಎರಡೂವರೆ ತಿಂಗಳ ಮೇಲೆ ಕಿಕ್ ಹೊಡೆದರೆ ಸದ್ದಿಲ್ಲ. ಕೆಳಗಿನ ನಳ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದೆನು. ಬಾಟಲಿಯಲ್ಲಿ ಎರಡು ಪದರ: ಮೇಲೆ ಪೆಟ್ರೋಲು, ಕೆಳಗೆ ಮಬ್ಬಾದ ನೀರಿನಂಥದು. ಕಾರ್ಬ್ಯುರೇಟರಿನ ತಳದಲ್ಲಿ ಹಸಿರು ಕಿಲುಬು. ಪೆಟ್ರೋಲಿನ ನಳಿಗೆಯ ರಬ್ಬರು ಉಬ್ಬಿ ಮೆತ್ತಗಾಗಿದ್ದಿತು.

ಕಾರಣ ದೂರವೇನಿಲ್ಲ, ನಮ್ಮ ಹೊಲದಲ್ಲಿಯೇ ಇದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಎಂಬ ಮದ್ಯಸಾರವು ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ, ಧಾನ್ಯಗಳಿಂದ ತಯಾರಾಗುವದು. ನಮ್ಮ ಸೋಲಾಪುರ ಜಿಲ್ಲೆಯು ಕಬ್ಬಿನ ಕಾರಖಾನೆಗಳ ಜಿಲ್ಲೆ. ಬೋರಿ ನದಿಯ ಕುರನೂರ ಕಟ್ಟೆಯ ನೀರು ಬಂದಾಗಿನಿಂದ ನಾನೂ ಎರಡು ಎಕರೆ ಕಬ್ಬು ಹಾಕುವವನೇ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಕಬ್ಬಿನವನಿಗೆ ಇದು ಒಳ್ಳೆಯದೆಂದು ನಾನು ಮನಃಪೂರ್ವಕ ಹೇಳುವೆನು. ಆದರೆ ಅದೇ ಸಾರವು ಹಸಿಗಾಳಿಯಿಂದ ನೀರನ್ನು ಹೀರಿಕೊಳ್ಳುವದು. ನೀರು ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಸಂಗಡ ತಳಕ್ಕಿಳಿಯುವದು. ನಮ್ಮ ಹೊಲದ ಕಬ್ಬೇ ನಮ್ಮ ಅಪ್ಪನ ಗಾಡಿಯ ನಳಿಗೆಯನ್ನು ತಿಂದಿತೆಂದು ಮಿಸ್ತ್ರಿಯು ನಕ್ಕನು.

ಇದನ್ನು ಹುಡುಗರಿಗೂ ತೋರಿಸಿದೆನು. ಅಳತೆಯ ಗಾಜಿನ ನಳಿಗೆಯಲ್ಲಿ 100 ಮಿ.ಲೀ. ಪೆಟ್ರೋಲು, 10 ಮಿ.ಲೀ. ನೀರು ಹಾಕಿ ಅಲುಗಿಸಿ ಇಟ್ಟರೆ, ಕೆಳಗೆ ಇಳಿದ ಪದರವು ಹಾಕಿದ ನೀರಿಗಿಂತ ಎಷ್ಟೋ ಹೆಚ್ಚಾಗಿರುವದು. ಆ ಹೆಚ್ಚಳವೇ ಎಥೆನಾಲು. ಇದನ್ನು ಬಯಲಿನಲ್ಲಿ, ಬೆಂಕಿ-ಬೀಡಿಗಳಿಂದ ದೂರವಾಗಿ, ಹಿರಿಯರೇ ಮಾಡಬೇಕು.

ಹಳೆಯ ಗಾಡಿಯುಳ್ಳವರು ಹೀಗೆ ನಡೆದುಕೊಂಡರೆ ಬಾಧೆಯಿಲ್ಲ. ಪೆಟ್ರೋಲನ್ನು ಆಯಾ ವಾರದ ಓಡಾಟಕ್ಕೆ ಬೇಕಾದಷ್ಟೇ ಹಾಕಿಸಬೇಕು. ಗಾಡಿ ನಿಲ್ಲಿಸುವಾಗ ನಳ ಮುಚ್ಚಿ, ಕಾರ್ಬ್ಯುರೇಟರಿನಲ್ಲಿಯದು ತೀರಿ ತಾನಾಗಿ ನಿಲ್ಲುವತನಕ ಓಡಿಸಬೇಕು. ಹೆಚ್ಚು ದಿನ ನಿಲ್ಲಿಸುವದಾದರೆ ಟ್ಯಾಂಕಿಯನ್ನು ಬರಿದು ಮಾಡಿ ಒಳಗೆ ಸ್ವಲ್ಪ ಎಣ್ಣೆ ಆಡಿಸಿಡಬೇಕು. ನಳಿಗೆ, ವಾಯಸರುಗಳನ್ನು ಎಥೆನಾಲು ತಡೆಯುವ ಜಾತಿಯ ರಬ್ಬರಿನವು ಕೇಳಿ ಹಾಕಿಸಬೇಕು. ಈ ಪೆಟ್ರೋಲಿನಿಂದ ಹದವು ಸ್ವಲ್ಪ ಬೆಳ್ಳಗಾಗುವದು. ಪ್ಲಗ್ಗು ಸುಣ್ಣದ ಬಣ್ಣ ತೋರಿದರೆ ಕಾರ್ಬ್ಯುರೇಟರಿನ ಸೂಜಿಯ ಕೊಕ್ಕೆಯನ್ನು ಒಂದು ಗೀರು ಕೆಳಗೆ ಹಾಕಿ. ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುವದು.

ಕಾಗದಪತ್ರದ ಕೆಲಸವನ್ನು ಅಲಕ್ಷ್ಯ ಮಾಡಬಾರದು. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ಇದರ ಫೀಯು 2022ರ ಏಪ್ರಿಲ್ 1ರಿಂದ ಮೋಟಾರ ಸೈಕಲ್ಲಿಗೆ 1,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದವುಗಳಿಗೆ 2,000 ರೂಪಾಯಿ ಮಾಡಿದರು. ಪರಿಸರ ತೆರಿಗೆ, ವಿಮೆ, ಹೊಗೆಯ ಸರ್ಟಿಫಿಕೇಟು ಬೇರೆ. ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿಯೇ ಇರುವ ಗಾಡಿಗಳಿಗಾಗಿ 2021ರಲ್ಲಿ ಬೇರೆ ನೋಂದಣಿ ಬಂದಿತು. ಅದನ್ನು ಮಾಡಿಸಿದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಇಷ್ಟಕ್ಕೂ ಖರ್ಚಿನ ಲೆಕ್ಕ ಹಾಕಿದರೆ ಇದು ಲಾಭದ ವ್ಯವಹಾರವಲ್ಲವೆಂದು ನಿಜವಾಗಿ ಹೇಳಬೇಕು. ನನ್ನ ಗಾಡಿಯು ಲೀಟರಿಗೆ ಮೂವತ್ತು ಕಿ.ಮೀ. ಸಹ ಕೊಡುವದಿಲ್ಲ. ಹೊಗೆಯೂ ಉಂಟು, ಸುಡದ ಪೆಟ್ರೋಲಿನ ಒಂದಂಶ ಹೊರಗೆ ಹೋಗುವದು ಎರಡು ಸ್ಟ್ರೋಕಿನ ಹುಟ್ಟುಗುಣ. ಸಂತೆ, ಶಾಲೆಗಳಿಗೆ ಹೊಸ ಗಾಡಿ ಇರಲಿ. ತಿಂಗಳಿಗೆ ಎರಡು ಸಲ ಇದನ್ನು ಹೊರಗೆ ತೆಗೆದರೆ ಸಾಕು.

2024ರ ಎಳ್ಳ ಅಮಾವಾಸ್ಯೆಯ ಮರುದಿನ ಅಪ್ಪನನ್ನು ಹಿಂದೆ ಕೂಡ್ರಿಸಿಕೊಂಡು ಅತ್ತೆಯ ಊರಿಗೆ ಹೊರಟೆನು. ಹೊಲದ ಪೂಜೆಯ ಸಜ್ಜೆಯ ಕಡುಬು, ಭಜ್ಜಿಯ ಗಂಟು ಅಪ್ಪನ ತೊಡೆಯ ಮೇಲೆ. ಹಾದಿಯ ಎರಡೂ ಕಡೆಗೆ ಜೋಳ ಎದೆಮಟ್ಟ ನಿಂತಿದ್ದಿತು. ನಳದುರ್ಗದಲ್ಲಿ ಹೆದ್ದಾರಿ ಸೇರಿದೆವು. 1993ರಲ್ಲಿ ಅದು ಎರಡು ಗಾಡಿ ಹಾಯುವಷ್ಟೇ ಅಗಲದ ರಸ್ತೆ. ಈಗ ಲಾರಿಗಳು ನಮ್ಮನ್ನು ಗಾಳಿಯಿಂದಲೇ ತಳ್ಳಿ ಹೋಗುತ್ತವೆ. ನಾನು ಎಡಬದಿ ಬಿಡದೆ ನಲವತ್ತರ ವೇಗದಲ್ಲಿ ನಡೆಸಿದೆನು. ಅಪ್ಪ ಮಾತಾಡಲಿಲ್ಲ. ಜಳಕೋಟ ದಾಟಿದ ಮೇಲೆ ಒಂದು ಏರು. ಇಂಜಿನ್ನಿನ ಸಪ್ಪಳ ಭಾರವಾಗುವದಕ್ಕೂ ನನ್ನ ಬೆನ್ನ ಮೇಲೆ ಅಪ್ಪನ ಬೆರಳು ಎರಡು ಸಲ ತಟ್ಟುವದಕ್ಕೂ ಸರಿಹೋಯಿತು: ಗೇರು ಇಳಿಸು. ಇಳಿಸಿದೆನು. ಗಾಡಿ ಏರನ್ನು ಹತ್ತಿತು.

ಅತ್ತೆಯ ಈಗಿನ ಮನೆಯು ಭೂಕಂಪದ ಮೇಲೆ ಕಟ್ಟಿದ ಹೊಸ ಊರಿನಲ್ಲಿದೆ. ಫೋನು ಮಾಡಿರಲಿಲ್ಲ. ಓಣಿಯ ತಿರುವಿನಲ್ಲಿ ನಾವು ಇನ್ನೂ ಕಾಣದಿರುವಾಗಲೇ ಅವಳು ಕೋಲೂರಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. “ಅಣ್ಣಾ, ಇನ್ನೂ ಸತ್ತಿಲ್ಲೇನು ಇದು?” ಎಂದಳು. ಅಪ್ಪ, “ನಾನೂ ಸತ್ತಿಲ್ಲಲ್ಲ!” ಎಂದರು. ಇಬ್ಬರೂ ನಗುತ್ತ ಒಳಗೆ ಹೋದರು. ನಾನು ಹೊರಗೆ ನಿಂತು ಪ್ಲಗ್ಗು ಬಿಚ್ಚಿ ನೋಡಿದೆನು. ಬೆಲ್ಲದ ಬಣ್ಣ.

ಮೊನ್ನೆ ಭಂಗಾರದವನು ಮತ್ತೆ ನಮ್ಮ ಓಣಿಗೆ ಬಂದಿದ್ದನು. ಅವನ ಗಾಡಿಯಲ್ಲಿ ಬೇರೆ ಯಾವುದೋ ಊರಿನಿಂದ ತಂದ ಹಳೆಯ ಯೆಜ್ಡಿಯ ಒಂದು ಸೈಲೆನ್ಸರು, ಒಂದು ಹೆಡ್‌ಲೈಟಿನ ಬಟ್ಟಲು ಬಿದ್ದಿದ್ದವು. ತೂಗಿಸಿ, ಕಿಲೋದ ಲೆಕ್ಕದಿಂದಲೇ ಎರಡನ್ನೂ ಕೊಂಡೆನು.